ಕೊಟ್ಟಿಗೆಯ ಗಡಿಯಾರ ಮತ್ತು ಒಂದು ಸೊನ್ನೆ

ಮಾನ್ಯ ಗಡಿಯಾರದ ಅಧಿಕಾರಿಗಳೇ,

ನಿಮ್ಮ ಹುದ್ದೆಯ ಸರಿಯಾದ ಹೆಸರು ನನಗೆ ಗೊತ್ತಿಲ್ಲ. ಮಾರ್ಚಿನಲ್ಲಿ ಒಂದು ಗಂಟೆ ಮುಂದಕ್ಕೆ, ಅಕ್ಟೋಬರಿನಲ್ಲಿ ಒಂದು ಗಂಟೆ ಹಿಂದಕ್ಕೆ ಗಡಿಯಾರ ತಿರುಗಿಸುವ ಈ ಆಟವನ್ನು ನಿಲ್ಲಿಸಬೇಕೆಂಬ ಕಡತ ಯಾರ ಮೇಜಿನ ಮೇಲಿದೆಯೋ ಅವರಿಗೆ ಈ ಪತ್ರ. ನೀವು ಆ ಕಡತದ ದಾರ ಬಿಚ್ಚದ ಕಾರಣ, ಹಾಪಸೂ ಎಂಬ ನಮ್ಮ ಹಳ್ಳಿಗೆ ಬರುವ ಪುಸ್ತಕದ ಬಸ್ಸು ಜೂನ್‌ನಿಂದ ನಿಲ್ಲಲಿದೆ. ದೂರು ಇಷ್ಟೇ. ನಮ್ಮ ಸಾವೊ ಸೀಮೆಯವರು ಸಾಮಾನ್ಯವಾಗಿ ಇಷ್ಟನ್ನೂ ಹೇಳುವುದಿಲ್ಲ. ಆದರೆ ನಾನು ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದೇನೆ, ಮೂರು ಜನಕ್ಕಿಂತ ಹೆಚ್ಚಿದ್ದ ಕಡೆ ಬಾಯಿ ತೆರೆದ ನೆನಪಿಲ್ಲ. ಅಂಥವರು ಬರೆಯಲು ಕೂತರೆ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಕಾಯುವುದು ನಿಮಗೆ ಹೊಸದಲ್ಲ.

ಮೊದಲು ನಿಮ್ಮನ್ನು ಅಭಿನಂದಿಸಬೇಕು. ಈ ಗಡಿಯಾರ ತಿರುಗಿಸುವುದನ್ನು ನಿಲ್ಲಿಸಿ ಎಂದು ನಮ್ಮ ಫಿನ್ಲೆಂಡಿನಲ್ಲೇ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆಮೇಲೆ ಇಡೀ ಯುರೋಪನ್ನು ಕೇಳಲಾಯಿತು. ನಲವತ್ತಾರು ಲಕ್ಷ ಜನ ಉತ್ತರ ಕೊಟ್ಟರು. ನೂರಕ್ಕೆ ಎಂಬತ್ತನಾಲ್ಕು ಜನ ಸಾಕು ಎಂದರು. 2019ರಲ್ಲಿ ಯುರೋಪಿನ ಸಂಸತ್ತು ಕೈಯೆತ್ತಿ, 2021ಕ್ಕೆ ಇದು ಮುಗಿಯಲಿ ಎಂದಿತು. ಇಷ್ಟೊಂದು ಜನ ಒಂದೇ ಮಾತು ಹೇಳಿದ್ದು ಈ ಖಂಡದ ಚರಿತ್ರೆಯಲ್ಲಿ ಎಷ್ಟು ಸಲ ಆಗಿದೆಯೋ ನನಗೆ ತಿಳಿಯದು. ಅಂಥ ಒಮ್ಮತವನ್ನೂ ಮೇಜಿನ ಒಂದು ಮೂಲೆಯಲ್ಲಿ ಇಷ್ಟು ವರ್ಷ ಅಲುಗದಂತೆ ಇಡುವುದು ಸಾಧಾರಣ ಕೈಚಳಕವಲ್ಲ. ತಿರುಗಿಸುವುದನ್ನು ನಿಲ್ಲಿಸಬೇಕೆಂದು ಎಲ್ಲರೂ ಒಪ್ಪಿದ್ದಾರಂತೆ, ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಒಪ್ಪಿಲ್ಲವಂತೆ. ಬೇಸಿಗೆಯ ವೇಳೆಯಲ್ಲೋ, ಚಳಿಗಾಲದ ವೇಳೆಯಲ್ಲೋ? ಇದು ಹೇಗಿದೆಯೆಂದರೆ, ಬಸ್ಸಿನಲ್ಲಿ ಎಲ್ಲರಿಗೂ ಕೂರುವ ಆಸೆ, ಕಿಟಕಿ ಪಕ್ಕ ಯಾರು ಎಂದು ತೀರ್ಮಾನವಾಗದೆ ಊರು ಮುಟ್ಟುವ ತನಕ ಎಲ್ಲರೂ ನಿಂತೇ ಹೋದರಂತೆ. ಇನ್ನೊಂದು ವಿಷಯ ತಿಳಿದಾಗ ನನಗೆ ನಗು ಬಂತು. ಗಡಿಯಾರದ ಕಡತ ಸೇರಿರುವುದು ಸಾರಿಗೆಯ ಸಚಿವರಿಗೆ. ಒಂದು ಹೆಜ್ಜೆಯೂ ಕದಲದ ವಸ್ತುವನ್ನು ಸಾರಿಗೆಗೆ ಸೇರಿಸಿದವರು ಯಾರೋ, ಅವರಿಗೂ ನಮಸ್ಕಾರ.

ಒಂದು ಗಂಟೆ ತಾನೇ, ಎರಡು ದಿನ ಆಕಳಿಸಿದರೆ ಸರಿಹೋಗುತ್ತದೆ ಎಂದು ನೀವು ಅಂದುಕೊಂಡಿರಬಹುದು. ನಿಮಗೆ ಸರಿಹೋಗುತ್ತದೆ. ನಿಮ್ಮ ಕೆಚ್ಚಲು ಬಿಗಿಯುವುದಿಲ್ಲ.

ನನ್ನ ಸೋದರಮಾವ ತೌನೊ ಮತ್ತು ಐರಾ ಅತ್ತೆಯ ಕೊಟ್ಟಿಗೆಯಲ್ಲಿ ಮೂವತ್ತನಾಲ್ಕು ಹಸುಗಳಿವೆ. ಅವು ಬೆಳಿಗ್ಗೆ ಆರಕ್ಕೆ ಹಾಲು ಕೊಡುತ್ತವೆ. ಆರು ಎಂದರೆ ಅವುಗಳ ಮೈಗೆ ಗೊತ್ತಿರುವ ಆರು. ಭಾನುವಾರ ಏಕಾಏಕಿ ಒಂದು ಗಂಟೆ ಹೆಚ್ಚುಕಡಿಮೆ ಮಾಡಿದರೆ ಒಂದು ಸೊರೆ ಬಿಟ್ಟು ಹಾಲು ಇಳಿಸುವುದಿಲ್ಲ, ಇನ್ನೊಂದು ಒದೆಯುತ್ತದೆ, ಮೂರನೆಯದಕ್ಕೆ ಕೆಚ್ಚಲು ಬಾವು. ಹಾಗೆಂದು ಹಸುಗಳ ಆರಕ್ಕೇ ಕೂತರೆ ಹಾಲಿನ ಲಾರಿ ಕಾಯುವುದಿಲ್ಲ. ಅದು ಬರುವುದು ನಿಮ್ಮ ಗಂಟೆಗೆ. ದನದ ಡಾಕ್ಟರು ಬರುವುದೂ ನಿಮ್ಮ ಗಂಟೆಗೆ. ಅದಕ್ಕೆ ನಮ್ಮೂರಿನವರು ನನ್ನ ಅಜ್ಜಿಯ ಕಾಲದಲ್ಲೇ ಒಂದು ಉಪಾಯ ಕಂಡುಕೊಂಡರು. ಗಡಿಯಾರ ಬದಲಾಗುವ ಭಾನುವಾರಕ್ಕೆ ಮುಂಚಿನ ಸೋಮವಾರವೇ ಕೊಟ್ಟಿಗೆಯ ಗಡಿಯಾರವನ್ನು ಹತ್ತು ನಿಮಿಷ ತಿರುಗಿಸುವುದು. ಮಂಗಳವಾರ ಮತ್ತೆ ಹತ್ತು. ಹೀಗೆ ಶನಿವಾರಕ್ಕೆ ಅರವತ್ತು ನಿಮಿಷ ಪೂರ್ತಿ. ಹಸುಗಳಿಗೆ ಏನೂ ತಿಳಿಯುವುದಿಲ್ಲ. ಭಾನುವಾರ ನೀವು ಅಧಿಕೃತವಾಗಿ ತಿರುಗಿಸುವ ಹೊತ್ತಿಗೆ ಹಾಪಸೂವಿನಲ್ಲಿ ಕೆಲಸ ಮುಗಿದಿರುತ್ತದೆ.

ಆದರೆ ಕೊಟ್ಟಿಗೆಯ ಗಡಿಯಾರ ಒಂದು ಹೇಳಿ ಅಡುಗೆಮನೆಯ ಗಡಿಯಾರ ಇನ್ನೊಂದು ಹೇಳಿದರೆ ಸಂಸಾರ ನಡೆಯುವುದಿಲ್ಲ. ಆದ್ದರಿಂದ ಆ ವಾರ ಅಡುಗೆಮನೆಯೂ ಕೊಟ್ಟಿಗೆಯ ಹಿಂದೆ ಹೋಗುತ್ತದೆ. ಊಟ, ಕಾಫಿ, ಸೌನಾದ ಹಬೆಸ್ನಾನಕ್ಕೆ ಬೆಂಕಿ ಹಾಕುವುದು, ಎಲ್ಲ ಹಿಂದೆ ಹಿಂದೆ. ಹಸುಗಳಿಲ್ಲದ ಎರಡು ಮನೆಗಳೂ ಹಾಗೇ ಮಾಡುತ್ತವೆ, ಇಲ್ಲದಿದ್ದರೆ ಕಾಫಿಗೆ ಹೋದಾಗ ಮನೆಯಲ್ಲಿ ಯಾರೂ ಇರುವುದಿಲ್ಲ. ವರ್ಷದಲ್ಲಿ ಎರಡು ವಾರ ಹಾಪಸೂ ತನ್ನದೇ ವೇಳೆಯಲ್ಲಿ ಬದುಕುತ್ತದೆ.

ಫೋನ್ ಇಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಒಮ್ಮೆ ಕೇಳಿದ್ದೆ. ಆಗ ನಾನು ಕಾಲೇಜಿಗೆ ಸೇರಿ ಎರಡು ತಿಂಗಳಾಗಿತ್ತು, ಬಹಳ ತಿಳಿದುಕೊಂಡಿದ್ದೆ.

"ಅತ್ತೆ, ಫೋನ್ ನೋಡಿದ್ರೆ ಸರಿಯಾದ ಟೈಮ್ ಗೊತ್ತಾಗುತ್ತಲ್ಲ?"

ಐರಾ ಅತ್ತೆ ಏಲಕ್ಕಿ ಬನ್ನಿನ ಹಿಟ್ಟು ನಾದುತ್ತಿದ್ದವರು ತಲೆ ಎತ್ತಲಿಲ್ಲ. "ಫೋನಿಗೆ ಹಾಲು ಕರೆಯಕ್ಕೆ ಬರುತ್ತಾ?"

"ಇಲ್ಲ."

"ಹಂಗಾದ್ರೆ ಅದು ಸುಮ್ನಿರ್ಲಿ ಬಿಡು."

ಈಗ ಬಸ್ಸಿನ ವಿಷಯ. ಎರಡು ವಾರಕ್ಕೊಮ್ಮೆ ಗುರುವಾರ, ಸಂಜೆ ನಾಲ್ಕು ಹತ್ತಕ್ಕೆ, ನಮ್ಮೂರ ಹಾಲುಕಟ್ಟೆಯ ಬಳಿ ಪುಸ್ತಕದ ಬಸ್ಸು ನಿಲ್ಲುತ್ತದೆ. ಹಿಂದೆ ಹಾಲಿನ ಕ್ಯಾನುಗಳನ್ನು ಇಡುತ್ತಿದ್ದ ಮರದ ಅಟ್ಟಣೆ ಅದು. ಈಗ ಕ್ಯಾನುಗಳಿಲ್ಲ, ಹೆಸರು ಮಾತ್ರ ಉಳಿದಿದೆ. ಇಪ್ಪತ್ತು ನಿಮಿಷ ನಿಂತು ಬಸ್ಸು ಮುಂದಿನ ಊರಿಗೆ ಹೊರಡುತ್ತದೆ. ಮೂವತ್ತು ವರ್ಷ ಅದನ್ನು ಓಡಿಸಿದವರು ಕಾಲೆವಿ. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅಕ್ಟೋಬರಿನ ಆ ವಾರ ಬಂದರೆ ಬಸ್ಸು ನಿಲ್ಲಿಸಿ, ನಮ್ಮ ಅತ್ತೆಯ ಅಡುಗೆಮನೆಗೆ ಬಂದು ಕಾಫಿ ಕುಡಿದು, ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತಾದಾಗ ಎದ್ದು, "ನಡೀರಿ, ಬಸ್ ಬಂತು" ಎನ್ನುತ್ತಿದ್ದರು. ಮುಂದಿನ ಊರಿನವರೂ ಹಸು ಸಾಕಿದವರೇ ಆದ್ದರಿಂದ ಅಲ್ಲೂ ಯಾರಿಗೂ ತಡವಾಗುತ್ತಿರಲಿಲ್ಲ. ವೇಳಾಪಟ್ಟಿಯಲ್ಲಿ ಇದು ಎಲ್ಲೂ ಬರೆದಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಕಾಲೆವಿ ನಿವೃತ್ತರಾದರು. ಬರೆಯದೆ ಇದ್ದದ್ದೂ ಅವರ ಜೊತೆ ನಿವೃತ್ತವಾಯಿತು. ಅದೇ ಬೇಸಿಗೆಯಲ್ಲಿ ಬಸ್ಸಿಗೆ ತಾತ್ಕಾಲಿಕ ಸಹಾಯಕಿಯಾಗಿ ನಾನು ಸೇರಿದೆ. ನಾನಿರುವುದು ಮೂವತ್ತೆಂಟು ಕಿಲೋಮೀಟರ್ ಆಚೆಯ ಪಟ್ಟಣದ ಒಂದು ಬಾಡಿಗೆ ಕೋಣೆಯಲ್ಲಿ. ಅಲ್ಲಿ ನಿಮ್ಮ ಗಂಟೆಯೇ ನಡೆಯುತ್ತದೆ.

ಅಕ್ಟೋಬರಿನಲ್ಲಿ ಗ್ರಂಥಾಲಯದ ಕಚೇರಿ ಓದುಗರ ಎಣಿಕೆ ಇಟ್ಟುಕೊಂಡಿತು. ಐದು ಜನರಿಗಿಂತ ಕಡಿಮೆ ಬರುವ ನಿಲುಗಡೆಗಳನ್ನು ಕೈಬಿಡುವುದು ಉದ್ದೇಶ. ನಲವತ್ತೆರಡನೇ ವಾರ ಶಾಲೆಗೆ ರಜೆ, ಆದ್ದರಿಂದ ನಲವತ್ತಮೂರನೇ ವಾರ ಇರಲಿ, ಅದೊಂದು ಸಾಮಾನ್ಯ ವಾರ ಎಂದು ಸುತ್ತೋಲೆ ಬಂತು. ಅದನ್ನು ಬರೆದವರ ಮನೆಯಲ್ಲಿ ಹಸುಗಳಿಲ್ಲ. ಓದಿದ ನನ್ನ ಮಾವನ ಮನೆಯಲ್ಲಿದ್ದವು, ಆದರೂ ನನಗೆ ಹೊಳೆಯಲಿಲ್ಲ. ಇದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಗುರುವಾರ ನಾಲ್ಕು ಹತ್ತಕ್ಕೆ ಹಾಲುಕಟ್ಟೆ ಖಾಲಿ ಇತ್ತು. ಹೊಸ ಚಾಲಕ ಯೆರೆ ನನಗಿಂತ ಎರಡು ವರ್ಷ ಚಿಕ್ಕವನು, ಒಳ್ಳೆಯವನು, ಪಟ್ಟಣದವನು. ಸ್ಟಿಯರಿಂಗಿನ ಪಕ್ಕದ ಪರದೆ ಏನು ಹೇಳುತ್ತದೋ ಅದನ್ನು ಮಾಡುತ್ತಾನೆ. ಮಾಡದಿದ್ದರೆ ಅದು ಕೂಗುತ್ತದೆ. ನಾಲ್ಕು ಇಪ್ಪತ್ತರ ತನಕ ನಾನು ಪುಸ್ತಕ ಜೋಡಿಸುತ್ತಿದ್ದೆ. ಸಾಮಾನ್ಯವಾಗಿ ಅಲ್ಲಿ ಹನ್ನೊಂದು ಜನ ಬರುತ್ತಾರೆ. ಸಾವು ಏನಾದರೂ ಆಗಿದೆಯೇ ಎಂದು ಯೋಚಿಸಿದೆ. ಆಮೇಲೆ ನೆನಪಾಯಿತು: ಸೋಮವಾರ ಹತ್ತು, ಮಂಗಳವಾರ ಇಪ್ಪತ್ತು, ಬುಧವಾರ ಮೂವತ್ತು, ಇವತ್ತು ನಲವತ್ತು ನಿಮಿಷ ಹಿಂದಕ್ಕೆ. ಅಡುಗೆಮನೆಯ ಗೋಡೆಯಲ್ಲಿ ಈಗ ಮೂರು ನಲವತ್ತು. ಅತ್ತೆ ಇನ್ನೂ ಪಾತ್ರೆ ತೊಳೆಯುತ್ತಿರುತ್ತಾರೆ. ಅವರು ಹಾಲುಕಟ್ಟೆಗೆ ಬರುವುದು ನಿಮ್ಮ ನಾಲ್ಕು ಐವತ್ತಕ್ಕೆ. ನಾವು ಹೊರಟು ಆಗ ಇಪ್ಪತ್ತು ನಿಮಿಷವಾಗಿರುತ್ತದೆ.

ನಾನು ಹೇಳಬೇಕಾಗಿದ್ದದ್ದು ಎರಡೇ ಶಬ್ದ, ಸ್ವಲ್ಪ ಕಾಯೋಣ. ನಾಲ್ಕು ಇಪ್ಪತ್ತೆಂಟಕ್ಕೆ ಧೈರ್ಯ ಮಾಡಿ ಚಾಲಕನ ಸೀಟಿನ ಹಿಂದೆ ಹೋಗಿ ನಿಂತೆ.

"ಯೆರೆ, ಸ್ವಲ್ಪ..." ಎಂದೆ.

ಅವನು ತಿರುಗಿ ನೋಡಿದ. ಮುಂದಿನ ಶಬ್ದದ ಬದಲು ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಚಳಿನಾ? ಮೊದ್ಲೇ ಹೇಳೋದಲ್ವಾ ಮಾರಾಯ್ತಿ," ಎಂದು ಹೀಟರ್ ಜಾಸ್ತಿ ಮಾಡಿದ. ನಾನು ಥ್ಯಾಂಕ್ಸ್ ಎಂದೆ. ಬಸ್ಸು ಹೊರಟಿತು. ಎಣಿಕೆಯ ಹಾಳೆಯಲ್ಲಿ ಹಾಪಸೂ ಎಂಬ ಸಾಲಿನ ಎದುರು ನನ್ನ ಕೈಯಾರೆ ಸೊನ್ನೆ ಬರೆದೆ. ಕಾದಂಬರಿಗಳ ಸಂಭಾಷಣೆಯಲ್ಲಿ ಬರುವ ಮೌನದ ಬಗ್ಗೆ ನೂರಹತ್ತು ಪುಟದ ಪ್ರಬಂಧ ಬರೆದು ಪದವಿ ಪಡೆದವಳು ನಾನು. ಮೌನಕ್ಕೆ ಎಷ್ಟು ಅಂಕ ಬರುತ್ತದೆ ಎಂದು ತಿಳಿದದ್ದು ಆವತ್ತು.

ಸಂಜೆ ಅತ್ತೆ ಫೋನ್ ಮಾಡಿದರು. ನಮ್ಮ ಕಡೆ ಯಾರೂ ನೇರವಾಗಿ ಬೈಯುವುದಿಲ್ಲ, ಗೊತ್ತಲ್ಲ.

"ಬಸ್ಸಿಗೆ ಹುಷಾರಿಲ್ವೇನೋ ಅಂದ್ಕೊಂಡ್ವಿ," ಎಂದರು.

"ಬಂದಿತ್ತು ಅತ್ತೆ. ನಿಮ್ಮ ಮೂರೂವರೆಗೆ ಬಂತು."

"ನಿಮ್ಮ ಮಾವ ಇನ್ನೂ ಕಟ್ಟೆ ಮೇಲೆ ಕೂತವ್ರೆ. ಕಾಲೆವಿ ಇದ್ದಾಗ ಒಂದ್ಸಲ ಟೈರ್ ಪಂಕ್ಚರ್ ಆಗಿತ್ತಲ್ಲ, ಹಂಗೇ ಇರ್ಬೋದು ಅಂತ. ಕೈಲಿ ಚೀಲ ಹಿಡ್ಕೊಂಡೇ ಅವ್ರೆ."

ಆ ಚೀಲದಲ್ಲಿ ಏನಿತ್ತು ಎಂದು ಹೇಳಬೇಕು. ಯಾರು ಏನು ಓದುತ್ತಾರೆಂದು ಹೊರಗೆ ಹೇಳಬಾರದು, ಅದು ಗ್ರಂಥಾಲಯದ ನಿಯಮ. ಅದಕ್ಕೆ ಮಾವನನ್ನೇ ಕೇಳಿದೆ: ಬರೆಯಲೇ? ಅವರು ಕಿಟಕಿಯಾಚೆ ನೋಡುತ್ತಾ, "ಬರೀಬೇಡ ಅಂತ ನಾನೇನೂ ಹೇಳ್ದಂಗಾಗಲ್ಲ" ಎಂದರು. ನಮ್ಮ ಸೀಮೆಯಲ್ಲಿ ಒಪ್ಪಿಗೆ ಎಂದರೆ ಇದಕ್ಕಿಂತ ದೊಡ್ಡದಿಲ್ಲ. ಆದ್ದರಿಂದ ಬರೆಯುತ್ತೇನೆ. ಚೀಲದಲ್ಲಿದ್ದವು ಆರು ಪ್ರೇಮ ಕಾದಂಬರಿಗಳು. ನರ್ಸು, ಡಾಕ್ಟರು, ದ್ವೀಪ, ತಪ್ಪು ತಿಳಿವಳಿಕೆ, ಕೊನೆಗೆ ಮದುವೆ. ಐವತ್ತೆಂಟು ವರ್ಷದ ತೌನೊ ಮಾವ, ಊರಿನ ಮರ ಕಡಿಯುವ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವರು, ಹನ್ನೆರಡು ವರ್ಷದಿಂದ ಹೆಂಡತಿಯ ಕಾರ್ಡಿನ ಮೇಲೆ ಇವನ್ನು ಒಯ್ಯುತ್ತಿದ್ದಾರೆ. "ಐರಾಗೆ ಕಣಮ್ಮ" ಎನ್ನುತ್ತಾರೆ. ಐರಾ ಅತ್ತೆ ಓದುವುದು ಕೊಲೆಯ ಕಥೆಗಳನ್ನು ಮಾತ್ರ, ಅದೂ ಕೊಲೆ ಮೊದಲ ಹತ್ತು ಪುಟದೊಳಗೆ ಆಗಬೇಕು. ಇದು ಊರಿಗೆಲ್ಲ ಗೊತ್ತು. ಕಾಲೆವಿಗೆ ಗೊತ್ತಿತ್ತು. ಯಾರೂ ಏನೂ ಅಂದಿರಲಿಲ್ಲ.

ಬಸ್ಸು ನಿಂತರೆ ಮಾವ ಪಟ್ಟಣದ ದೊಡ್ಡ ಗ್ರಂಥಾಲಯಕ್ಕೆ ಹೋಗಬೇಕು. ಬೆಳಗಿನ ಹಾಲು ಮುಗಿಸಿ, ಸಂಜೆಯ ಹಾಲಿನೊಳಗೆ ವಾಪಸು ಬರಬೇಕು. ಕೌಂಟರಿನಲ್ಲಿರುವಾಕೆ ಮಾವನ ಶಾಲೆಯ ಸಹಪಾಠಿ. ಅಲ್ಲಿ ಅವರು "ಐರಾಗೆ" ಎಂದು ಹೇಳಬಲ್ಲರೇ? ಹೋಗುವುದಿಲ್ಲ, ಅಷ್ಟೇ. ಹೋಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಪುಸ್ತಕವಿಲ್ಲದೆ ಇದ್ದುಬಿಡುತ್ತಾರೆ. ನವೆಂಬರಿನಲ್ಲಿ ನಮ್ಮಲ್ಲಿ ಬೆಳಕು ಎಷ್ಟಿರುತ್ತದೆಂದು ನಿಮಗೆ ಗೊತ್ತಿದೆ, ನೀವೂ ಈ ದೇಶದವರೇ. ಕೊಟ್ಟಿಗೆಯಿಂದ ಬಂದು, ಬೂಟು ಕಳಚಿ, ದೀಪದ ಕೆಳಗೆ ಆ ದ್ವೀಪಕ್ಕೆ ಹೋಗಿ ಬರುವ ಮನುಷ್ಯನಿಂದ ಅದನ್ನು ಕಿತ್ತುಕೊಳ್ಳುವಾಗ ನಿಮ್ಮ ಕಡತದಲ್ಲಿ ಯಾವ ಪುಟಕ್ಕೆ ಮೊಹರು ಬೀಳುತ್ತದೆ?

ಗ್ರಂಥಾಲಯದ ಮುಖ್ಯಸ್ಥೆಗೆ ನಾನು ಪತ್ರ ಬರೆದೆ. ಪಾಪ, ಅವರು ಒಳ್ಳೆಯವರು. ಎಣಿಕೆಯ ನಿಯಮದಲ್ಲಿ ಕಾಯಿಲೆ, ಹಿಮಪಾತ, ಬಸ್ಸಿನ ದುರಸ್ತಿ ಎಂಬ ಕಾರಣಗಳಿವೆ, ಕೊಟ್ಟಿಗೆಯ ಗಡಿಯಾರ ಎಂಬ ಕಾರಣವಿಲ್ಲ ಎಂದು ಬೇಸರದಿಂದಲೇ ಉತ್ತರಿಸಿದರು. ಆದರೂ ವಿಶೇಷ ಪ್ರಕರಣವೆಂದು ಹಾಪಸೂವಿಗೆ ಮಾತ್ರ ಮರು ಎಣಿಕೆಗೆ ಒಪ್ಪಿದರು. ಹಿಮ ಸ್ವಲ್ಪ ಕಡಿಮೆಯಾಗಿರುವ, ರಜೆಯೂ ಹಬ್ಬವೂ ಇಲ್ಲದ ಒಂದು ಸಾಮಾನ್ಯ ವಾರವನ್ನು ಹುಡುಕಿ ಆರಿಸಿದರು: ಹದಿಮೂರನೇ ವಾರ. ನೀವು ಕ್ಯಾಲೆಂಡರ್ ನೋಡುವ ಅಗತ್ಯವಿಲ್ಲ, ನಾನೇ ಹೇಳುತ್ತೇನೆ. ಅದರ ಭಾನುವಾರ ನೀವು ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತೀರಿ.

ಈ ಸುದ್ದಿ ಹೇಳಲು ಊರಿಗೆ ಹೋದಾಗ ಅತ್ತೆಯ ಅಡುಗೆಮನೆಯಲ್ಲಿ ಪಕ್ಕದ ಮನೆಯ ಸೋಯ್ಲಿಯೂ ಇದ್ದರು. ನಿಮ್ಮ ಸಚಿವರೆಲ್ಲ ವರ್ಷಗಟ್ಟಲೆ ಮಾಡಿದ ಚರ್ಚೆಯನ್ನು ಆ ಮೂವರೂ ಮಾಡಿದರು. ಅದರ ನಡಾವಳಿಯನ್ನು ನಿಮ್ಮ ಕಡತಕ್ಕೆ ಸೇರಿಸಿಕೊಳ್ಳಬಹುದು.

ಮಾವ ಚಳಿಗಾಲದ ವೇಳೆಯ ಪಕ್ಷ. "ಸೂರ್ಯ ನೆತ್ತಿಗೆ ಬಂದಾಗ ಹನ್ನೆರಡು ಆಗ್ಬೇಕು. ಅಷ್ಟೇ ಕಣಮ್ಮ ಲೆಕ್ಕ."

"ಡಿಸೆಂಬರ್‌ನಲ್ಲಿ ನಿನ್ ನೆತ್ತಿಗೆ ಯಾವ್ ಸೂರ್ಯ ಬಂದಿದ್ದ ತೌನೊ?" ಎಂದರು ಸೋಯ್ಲಿ. ಅವರು ಬೇಸಿಗೆಯ ಪಕ್ಷ. ಸಂಜೆ ಬೆಳಕಿದ್ದರೆ ಕೆರೆಗೆ ಬಲೆ ಹಾಕಬಹುದು. "ಸಂಜೆ ಒಂದು ಗಂಟೆ ಬೆಳಕು ಸಿಕ್ಕಿದ್ರೆ ನಿಂಗೇನು ನಷ್ಟ?"

"ಬೆಳಿಗ್ಗೆ ಒಂದು ಗಂಟೆ ಕತ್ಲೆ ಸಿಗುತ್ತೆ."

"ಬೆಳಿಗ್ಗೆ ನೀನು ಕೊಟ್ಟಿಗೆ ಒಳಗಿರ್ತೀಯ. ಅಲ್ಲಿ ಲೈಟ್ ಇದೆ."

"ನೀನು ಮೀನು ಹಿಡಿಯೋದೂ ಅಷ್ಟ್ರಲ್ಲೇ ಇದೆ."

ಅತ್ತೆ ಇಬ್ಬರ ಬಟ್ಟಲಿಗೂ ಕಾಫಿ ಸುರಿದರು. "ಬುಧವಾರದ ಟೈಮಲ್ಲೇ ನಿಲ್ಸಿಬಿಡಿ," ಎಂದರು. "ಮೂವತ್ತು ನಿಮಿಷ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಹಸುಗಳೂ ಬುಧವಾರ ಚೆನ್ನಾಗೇ ಹಾಲು ಕೊಡ್ತವೆ."

ಮಾವ ಬನ್ನು ಮುರಿದು ಕಾಫಿಗೆ ಅದ್ದಿದರು. "ಅದನ್ನ ಒಪ್ದೇ ಇರೋಕೂ ಆಗಲ್ಲ."

"ನಂಗೂ ಅಷ್ಟೊಂದು ಬೇಜಾರಿಲ್ಲ," ಎಂದರು ಸೋಯ್ಲಿ.

ಮಾನ್ಯರೇ, ಒಂದು ಕೆಟಲ್ ಕಾಫಿ ಖಾಲಿಯಾಗುವಷ್ಟರಲ್ಲಿ ಮುಗಿಯಿತು. ಅರ್ಧ ಗಂಟೆಯ ಲೆಕ್ಕ ನಿಮ್ಮ ರೈಲುಗಳಿಗೆ ಹೊಂದುವುದಿಲ್ಲ ಎಂದು ನೀವು ಹೇಳಬಹುದು. ಇರಲಿ, ನಿಮಗೆ ಹೊಂದುವುದನ್ನು ಆರಿಸಿ. ಬೇಸಿಗೆ ಬಂದರೆ ಮಾವ ಗೊಣಗುತ್ತಾರೆ, ಚಳಿಗಾಲ ಬಂದರೆ ಸೋಯ್ಲಿ ಗೊಣಗುತ್ತಾರೆ. ಒಂದು ವರ್ಷ ಗೊಣಗಿ ಆಮೇಲೆ ಇಬ್ಬರೂ ಹಸುಗಳ ಹಾಗೆ ಒಗ್ಗಿಕೊಳ್ಳುತ್ತಾರೆ. ಒಗ್ಗಿಕೊಳ್ಳಲು ಆಗದಿರುವುದು ಒಂದೇ: ವರ್ಷಕ್ಕೆರಡು ಸಲ ಒಗ್ಗಿಕೊಳ್ಳುವುದು. ಇಡೀ ದೇಶದಲ್ಲಿ ಆ ಎರಡು ವಾರಗಳಲ್ಲಿ ಎಷ್ಟು ಹಾಪಸೂಗಳು ತಮ್ಮ ತಮ್ಮ ಗೋಡೆಯ ಗಡಿಯಾರ ನೋಡಿ ಎಲ್ಲೆಲ್ಲಿಗೆ ಹೊರಟು ಖಾಲಿ ರಸ್ತೆ ನೋಡುತ್ತವೋ, ಅದಕ್ಕೆ ನಿಮ್ಮಲ್ಲಿ ಎಣಿಕೆಯ ಹಾಳೆ ಇದೆಯೇ? ಇನ್ನಷ್ಟು ಅಧ್ಯಯನ ಬೇಕು ಎನ್ನುತ್ತೀರಿ. ಅಧ್ಯಯನಕ್ಕೆ ಬನ್ನಿ. ಸೋಮವಾರ ಆರಕ್ಕೆ ಹತ್ತು ನಿಮಿಷ ಮುಂಚೆ ಕೊಟ್ಟಿಗೆಗೆ ಬನ್ನಿ, ನಿಮಗೊಂದು ಜೊತೆ ಬೂಟು ಕೊಡುತ್ತೇವೆ.

ಹದಿಮೂರನೇ ವಾರದ ಬಗ್ಗೆ ನಾನು ಹೆದರಿದ್ದೆ. ಅತ್ತೆ ಹೆದರಲಿಲ್ಲ. "ಈ ಸಲ ಗಡಿಯಾರ ಮುಂದಕ್ಕೆ ತಾನೇ ಹೋಗೋದು? ನಾವೇ ಮೊದ್ಲು ಬಂದು ನಿಂತಿರ್ತೀವಿ, ಬಿಡು." ನಿಜ. ಗುರುವಾರ ಕೊಟ್ಟಿಗೆಯ ಗಡಿಯಾರ ನಲವತ್ತು ನಿಮಿಷ ಮುಂದಿರುತ್ತದೆ. ನಿಮ್ಮ ಮೂರೂವರೆಗೆ ಹನ್ನೊಂದು ಜನ ಹಾಲುಕಟ್ಟೆಯ ಬಳಿ ಸೇರುತ್ತಾರೆ, ನಾಲ್ಕು ಹತ್ತರ ತನಕ ನಿಲ್ಲುತ್ತಾರೆ. ಮಾರ್ಚಿನ ಕೊನೆಯಲ್ಲೂ ಕೆರೆಯ ಮೇಲಿಂದ ಬರುವ ಗಾಳಿ ಕಿವಿ ಕತ್ತರಿಸುವಂತಿರುತ್ತದೆ. ಮಾವ ಉಣ್ಣೆಯ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಚೀಲವನ್ನು ಕೋಟಿನೊಳಗೆ ಇಟ್ಟುಕೊಂಡಿರುತ್ತಾರೆ. ಬಸ್ಸಿನ ಬಾಗಿಲು ತೆಗೆದು, ಎಷ್ಟೊತ್ತಾಯಿತು ಬಂದು ಎಂದು ನಾನು ಕೇಳುತ್ತೇನೆ. "ಈಗ್ತಾನೆ ಬಂದ್ವಿ" ಎನ್ನುತ್ತಾರೆ, ಮೂಗು ಕೆಂಪಾಗಿರುತ್ತದೆ. ನಾನು ಹಾಳೆಯಲ್ಲಿ ಹನ್ನೊಂದು ಎಂದು ಬರೆಯುತ್ತೇನೆ. ಎಷ್ಟು ಜನ ಎಂಬುದಕ್ಕೆ ಅದರಲ್ಲಿ ಒಂದು ಚೌಕವಿದೆ. ಎಷ್ಟು ಹೊತ್ತು ನಿಂತಿದ್ದರು ಎಂಬುದಕ್ಕಿಲ್ಲ.

ಹೀಗೆ ಅಕ್ಟೋಬರಿನ ತಪ್ಪಿನಿಂದ ಹೋದ ಬಸ್ಸು ಮಾರ್ಚಿನ ತಪ್ಪಿನಿಂದ ಉಳಿಯಬಹುದು. ಆದರೆ ಎಣಿಕೆ ಪ್ರತಿ ವರ್ಷ ನಡೆಯುತ್ತದಂತೆ, ಅದೂ ನಲವತ್ತಮೂರನೇ ವಾರದಲ್ಲೇ.

ಆದ್ದರಿಂದ ನನ್ನ ಬೇಡಿಕೆ ಇದು. ಬರುವ ಅಕ್ಟೋಬರಿನೊಳಗೆ ಒಂದನ್ನು ಆರಿಸಿ ಸಹಿ ಹಾಕಿ. ಬೇಸಿಗೆ, ಚಳಿಗಾಲ ಅಥವಾ ಐರಾ ಅತ್ತೆಯ ಬುಧವಾರ, ಯಾವುದಾದರೂ ಸರಿ. ಅಲ್ಲಿಯ ತನಕ ನಿಮ್ಮಿಂದ ಆಗುವುದಿಲ್ಲವೆಂದಾದರೆ ಹದಿಮೂರನೇ ವಾರದ ಗುರುವಾರ ಹಾಲುಕಟ್ಟೆಗೆ ಬನ್ನಿ. ಟೋಪಿ ಹಾಕಿಕೊಂಡು, ನಿಮ್ಮ ಮೂರೂವರೆಗೆ ಬನ್ನಿ. ನಿಮ್ಮನ್ನೂ ಎಣಿಸುತ್ತೇನೆ, ಹನ್ನೆರಡಾಗುತ್ತದೆ. ನಿಮ್ಮ ಅಭ್ಯಾಸದಂತೆ ನೀವು ತಡವಾಗಿಯೇ ಬಂದರೂ ಚಿಂತೆಯಿಲ್ಲ. ಚಾಲಕನ ಹಿಂದೆ ನಿಂತು ಹೇಳಬೇಕಾದ ಆ ಎರಡು ಶಬ್ದಗಳನ್ನು ನಾಲ್ಕು ತಿಂಗಳಿಂದ ಬಾಡಿಗೆ ಕೋಣೆಯ ಕನ್ನಡಿಯ ಎದುರು ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೇನೆ.

ಇಂತಿ, ಹಾಪಸೂವಿನ ಎದುರು ಸೊನ್ನೆ ಬರೆದ ಕೈಯಿಂದಲೇ,

ಸಾಯ್ಮಿ ಹುತ್ತುನೆನ್
ಪುಸ್ತಕದ ಬಸ್ಸಿನ ಸಹಾಯಕಿ (ತಾತ್ಕಾಲಿಕ, ನಿಮ್ಮ ಗಂಟೆಯ ಹಾಗೆ)